ಕೆಂಪು ಬಾಳೆಗೊನೆ ಮತ್ತು ನನ್ನ ಗುಳಿಗೆ

ಗೆಳೆಯರೇ, ಕಮಲಾಪುರದಿಂದ ಇಡೀ ಗೊನೆ ಕೆಂಪು ಬಾಳೆಹಣ್ಣು ತಂದದ್ದೇ ಇವತ್ತು ತಪ್ಪಾಯಿತು. ಹಾಡಿಕೊಳ್ಳುತ್ತ ಬ್ರಹ್ಮಪುರದ ಮನೆಯೊಳಗೆ ಕಾಲಿಟ್ಟೆ. ಊರಿಂದ ಬಂದಿದ್ದ ಸೋದರತ್ತೆ ಅವ್ವನ ಕಿವಿಯಲ್ಲಿ, "ಮತ್ತ ಅದೇ ಶುರುವಾಗ್ಯಾದ ನೋಡು. ಗುಳಗಿ ತಗೊಂಡಾನೋ ಇಲ್ಲೋ ಕೇಳು," ಎಂದರು.

ನನಗೆ ಬೈಪೋಲಾರ್ ಕಾಯಿಲೆ ಇರುವುದು ನಿಜ. ಗುಳಿಗೆ ತಪ್ಪಿಸುವುದಿಲ್ಲ ಎಂಬುದೂ ನಿಜ. ಆದರೂ ಈ ಮನೆಯಲ್ಲಿ ನಾನು ನಕ್ಕರೆ ಕಾಯಿಲೆ, ಸುಮ್ಮನೆ ಕೂತರೂ ಕಾಯಿಲೆ.

ತೊಂಬತ್ತರ ಹತ್ತಿರದ ಅಜ್ಜಿ ಹಣ್ಣು ಸುಲಿಯುತ್ತ ತನ್ನ ಮಗಳಿಗೆ, ಅಂದರೆ ಅತ್ತೆಗೆ, ಅಂದಳು: "ನಾವು ಸಣ್ಣೋರಿದ್ದಾಗ ರಜಾಕಾರರಿಗೆ ಅಂಜಿ ಜೋಳದ ಹೊಲದಾಗ ಅಡಗಿದ್ವಿ. ನೀ ಬಾಳಿಹಣ್ಣಿಗೆ ಅಂಜ್ತಿಯೇನವಾ?"

ಅತ್ತೆ ಮೂರನೆಯ ಹಣ್ಣಿಗೆ ಕೈ ಹಾಕಿದರು. ಅವರಿಗೆ ಶುಗರ್ ಇದೆ. ನಾನು ಮೆಲ್ಲಗೆ ಅವರ ಕಿವಿಯಲ್ಲೇ ಕೇಳಿದೆ: "ಅತ್ತಿ, ಗುಳಗಿ ತಗೊಂಡೀರೇನ್ರೀ?"