ವೆಂಡೆಲ್ ಬದಲಾಯಿಸಿದ ಮದ್ದು

ಹಾಲಿನ ಲಾರಿ ಓಡಿಸುವ ವೆಂಡೆಲ್ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ. ಪೆನ್ಸಿಲ್ವೇನಿಯಾದ ನಮ್ಮ ಗುಡ್ಡದೂರಿನಲ್ಲಿ ಚೌಕಾಸಿಯಲ್ಲಿ ಸುಲಭವಾಗಿ ಸಿಕ್ಕಿಬೀಳುವ ಇಂಥವನು ವ್ಯಾಪಾರಕ್ಕಿಳಿಯದೇ ಹೋದದ್ದು ನನ್ನಂಥ ಕೋವಿ ಅಂಗಡಿಯವನಿಗೆ ನಷ್ಟವೇ.

ಅವನ ಸೋದರಮಾವ ಹಾರ್ಲನ್‌ದು ಚಕಮಕಿ ಕೋವಿ. ಕಲ್ಲು ಉಕ್ಕಿಗೆ ಬಡಿದು, ಹೊರಬಟ್ಟಲಿನ ಚಿಟಿಕೆ ಮದ್ದು ಹೊತ್ತಿ, ಆ ಉರಿ ಸಣ್ಣ ತೂತಿನಿಂದ ನಳಿಗೆಯೊಳಗಿನ ಮದ್ದಿಗೆ ತಲುಪಬೇಕು. ಕ್ರಿಸ್‌ಮಸ್ ಮರುದಿನ ಶುರುವಾಗುವ ಜಿಂಕೆ ಬೇಟೆಗೆ ಊರವರೆಲ್ಲ ಹೊರತೆಗೆಯುವುದು ಇಂಥ ಕೋವಿಯನ್ನೇ. ಮುದುಕನ ಬೆರಳು ಸೆಟೆದುಕೊಂಡದ್ದರಿಂದ ಕೋವಿ ತೊಳೆಯುವ ಕೆಲಸ ಅಳಿಯ ವೆಂಡೆಲ್‌ನ ಪಾಲಿಗೆ ಬಂತು. ಕಪ್ಪು ಮದ್ದು ಸುಟ್ಟ ನಳಿಗೆಗೆ ಬಿಸಿನೀರು ಹುಯ್ದರೆ ಕೊಳೆತ ಮೊಟ್ಟೆಯ ನಾತ. ಕೋವಿಯೋ ಗಂಡನೋ, ಒಂದನ್ನು ಮನೆಯಿಂದಾಚೆ ಇಡುತ್ತೇನೆ ಎಂದಳಂತೆ ವೆಂಡೆಲ್‌ನ ಹೆಂಡತಿ.

ಡಿಸೆಂಬರ್‌ನಲ್ಲಿ ವೆಂಡೆಲ್ ನನ್ನ ಅಂಗಡಿಗೆ ಬಂದು ನಾತವಿಲ್ಲದ ಬದಲಿ ಮದ್ದು ಕೇಳಿದ. ಇದು ಹೊತ್ತಲು ಹೆಚ್ಚು ಶಾಖ ಬೇಕು, ಚಕಮಕಿಗೆ ಜಗ್ಗುವುದಿಲ್ಲ ಎಂದು ಎಚ್ಚರಿಸಿದೆ. ಇದು ಮಾವನದಕ್ಕಲ್ಲ, ಕಲ್ಲಿನ ಬದಲು ಸಿಡಿಯುವ ಪುಟ್ಟ ಕ್ಯಾಪಿನಿಂದ ಹೊತ್ತುವ ತನ್ನ ಕೋವಿಗೆ ಎಂದ. ಕಿವಿ ಕೆಂಪಗಿದ್ದವು, ಆ ಚಳಿಯಲ್ಲಿ ಯಾರದ್ದು ಇರಲಿಲ್ಲ?

ಜನವರಿಯಲ್ಲಿ ಹಾರ್ಲನ್ ಕೋವಿ ಮಾರಲು ಬಂದ. ಹಿಂದೆಯೇ ವೆಂಡೆಲ್. ಬೇಟೆಯಲ್ಲಿ ದೊಡ್ಡ ಗಂಡುಜಿಂಕೆ ಮುದುಕನ ಎದುರಿಗೇ ನಿಂತಿತ್ತಂತೆ. ಬಟ್ಟಲಲ್ಲಿ ಬೆಂಕಿ ಫಕ್ಕೆಂದಿತು, ನಳಿಗೆ ಮಾತ್ರ ಮೌನ. ಮತ್ತೆ ಪ್ರಯತ್ನಿಸಿದರೂ ಅಷ್ಟೇ.

"ಕೋವಿಗೇನೂ ಆಗಿಲ್ಲ ಕಣಯ್ಯಾ. ಕೆಟ್ಟಿರೋದು ನನ್ನ ಕೈ. ಮದ್ದು ತುಂಬೋದೂ ಬರ್ತಿಲ್ಲ," ಎಂದ ಹಾರ್ಲನ್.

ನಾನು ಮನಸ್ಸಿನಲ್ಲೇ, ನನಗೆ ಗಿಟ್ಟುವಂಥ ಬೆಲೆಯೊಂದನ್ನು ಹೊಂದಿಸುತ್ತಿದ್ದೆ. ವೆಂಡೆಲ್ ಕೆಡಿಸಿದ.

"ಮಾಮ, ನಿನ್ನ ಕೈಯಲ್ಲ. ನಳಿಗೆಗೆ ತುಂಬೋಕೆ ನೀನು ಕೊಂಬಿನಲ್ಲಿ ಇಟ್ಕೊಂಡಿದ್ದ ಮದ್ದು ಬದಲಾಯಿಸಿದ್ದು ನಾನು."

ಬಟ್ಟಲಿನ ಮದ್ದು ಬೇರೆ ಡಬ್ಬಿಯದು, ಅದಕ್ಕೇ ಅದು ಹೊತ್ತಿತ್ತು. ಜಿಂಕೆ ಓಡಿದ ಮೇಲೆ ಮಾವ ತನ್ನ ಅಂಗೈಗಳನ್ನೇ ತಿರುಗಿಸಿ ನೋಡಿಕೊಂಡಾಗ ಇವನು ಪಕ್ಕದಲ್ಲೇ ಇದ್ದನಂತೆ. ಆಗಲೇ ಹೇಳಬೇಕೆಂದು ಬಾಯಿ ತೆರೆದು, ಚಳಿ ಜಾಸ್ತಿಯಾಯಿತು ಎಂದನಂತೆ. ಅಲ್ಲಿಂದೀಚೆಗೆ ಮಾವನ ಮನೆಗೆ ಸೌದೆ ಒಡೆದು ಒಡೆದು ಒಟ್ಟಿದ್ದಾನೆ, ಬೇಸಿಗೆವರೆಗೂ ಸಾಲುವಷ್ಟು.

ಹಾರ್ಲನ್ ಕೂಗಾಡಲಿಲ್ಲ. ಕೂಗಾಡಿದ್ದರೆ ವೆಂಡೆಲ್‌ಗೆ ಎಷ್ಟೋ ಹಗುರವಾಗುತ್ತಿತ್ತು.

"ಚರ್ಚಲ್ಲಿ, ಕ್ಷೌರದಂಗಡೀಲಿ, ಕಾಫಿ ಕುಡಿಯೋ ಕಡೆ, ನನ್ನ ಕಾಲ ಮುಗೀತು ಅಂತ ನಾನೇ ಸಾರ್ಕೊಂಡು ಬಂದಿದೀನಿ. ಅವರಿಗೆಲ್ಲ ನೀನು ಹೋಗಿ ಹೇಳು. ಒಬ್ಬರನ್ನೂ ಬಿಡಬೇಡ."

ಅಪ್ಪಟ ಕಪ್ಪು ಮದ್ದಿನ ಡಬ್ಬಿ ಕೊಂಡು, ಕೋವಿ ಕಂಕುಳಲ್ಲಿಟ್ಟು ಮುದುಕ ಹೊರಟ.

ವೆಂಡೆಲ್ ನನ್ನಿಂದಲೇ ಶುರುಮಾಡಿದ. ಈಗಷ್ಟೇ ಕೇಳಿದೆನಲ್ಲ ಮಾರಾಯ ಎಂದೆ. ಆದರೂ ಟೊಪ್ಪಿ ತೆಗೆದು, ಮೊದಲಿಂದ ಪೂರ್ತಿ ಹೇಳಿದ.