ಏಣಿಗಂಟು

ಕಾಳುಮೆಣಸು ಕೊಯ್ಯಲು ಬಿದಿರಿನ ಒಂಟಿ ಏಣಿಯೇ ಗತಿಯಾಗಿದ್ದ ಕಾಲ ಅದು. ಉದ್ದನೆಯ ಒಂದೇ ಬಿದಿರು, ಅದರ ಗಿಣ್ಣುಗಳಲ್ಲಿ ಸವರಿ ಉಳಿಸಿದ ಮೋಟು ಕೊಂಬೆಗಳೇ ಮೆಟ್ಟಿಲು. ವನಗೂರು ಕಡೆಯ ನಮ್ಮೂರಲ್ಲಿ ಅದನ್ನು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಕ್ಕೆ ಕಟ್ಟಿ ಹತ್ತುತ್ತಿದ್ದರು. ಮೊಣಕಾಲ ಕೆಳಗಿನ ಮೂಳೆಯನ್ನು ಬಿದಿರಿಗೆ ಒತ್ತಿ ನಿಂತರೆ ಎರಡೂ ಕೈ ಮೆಣಸು ಕೀಳಲು ಬಿಡುವು. ನಮ್ಮಪ್ಪ ಹಾಗೆ ನಿಂತದ್ದನ್ನು ನೀವು ನೋಡಬೇಕಿತ್ತು! ಸೊಂಟದ ಚೀಲ ತುಂಬುವವರೆಗೆ ಇಳಿಯುವ ಮಾತೇ ಇಲ್ಲ.

ಅಪ್ಪನ ಬಲಗಾಲಲ್ಲಿ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ನಿಂಬೆಹಣ್ಣಿನಷ್ಟು ದೊಡ್ಡ ಗಂಟಿತ್ತು. ಮುಟ್ಟಿದರೆ ಗಟ್ಟಿ ಮೂಳೆ. ಅಜ್ಜನಿಗೂ ಇತ್ತಂತೆ. ಏಣಿಗೆ ಒತ್ತಿ ಒತ್ತಿ ಮೂಳೆ ಉಬ್ಬಿದೆ ಎಂದು ನಂಬಿ ಮನೆಯವರು ಅದನ್ನು ಏಣಿಗಂಟು ಎಂದೇ ಕರೆಯುತ್ತಿದ್ದರು. ಊರಿನ ಬೇರೆ ಕೊಯ್ಲಿನವರಿಗೆ ಯಾಕಿಲ್ಲ ಎಂದು ಕೇಳಿದರೆ ಅಪ್ಪನ ಉತ್ತರ ಸಿದ್ಧವಿತ್ತು: "ಅವ್ರು ನಮ್ಮಂಗೆ ದುಡೀತಾರಾ?"

ನನಗೆ ಆ ಏಣಿ ಹತ್ತುವ ಹುಚ್ಚು. "ಏಳ್ನೇ ಕ್ಲಾಸಿಗೆ ಬಾ, ಹತ್ತಿಸ್ತೀನಿ. ಅಲ್ಲೀಗಂಟ ಮುಟ್ಟಿದ್ರೆ ನೋಡು" ಎಂದಿದ್ದ ಅಪ್ಪ. ನಾನು ಆರನೇ ಕ್ಲಾಸಿನಲ್ಲಿದ್ದೆ. ದಿನಾ ಏಣಿಯ ಕೆಳಗೆ ನಿಂತು, ಬಿದ್ದ ಮೆಣಸಿನ ಗೊನೆ ಆರಿಸುತ್ತಾ, ಹಸಿ ಮೆಣಸಿನ ಘಾಟಿಗೆ ಸೀನುತ್ತಾ ಆಸೆಯಿಂದ ಮೇಲೆ ನೋಡುತ್ತಿದ್ದೆ.

ಒಂದು ಭಾನುವಾರ ಬಚ್ಚಲಲ್ಲಿ ಅವ್ವ ಸೀಗೆಪುಡಿ ಹಚ್ಚಿ ನನ್ನ ಕಾಲು ತಿಕ್ಕುತ್ತಿದ್ದವಳು ಥಟ್ಟನೆ ನಿಂತಳು.

"ಇದೇನೇ ಗಿರಿಜಾ, ಇಲ್ಲಿ ಉಬ್ಬೈತಲ್ಲ?"

ಮೊಣಕಾಲ ಕೆಳಗೆ, ನೆಲ್ಲಿಕಾಯಿಯಷ್ಟಿತ್ತು. ಅಪ್ಪ ಬಂದು ಒತ್ತಿ ನೋಡಿದ. ಅವನ ಮುಖ ಕೆಂಪಗಾಯಿತು.

"ಕದ್ದು ಏಣಿ ಹತ್ತಿದ್ದೀಯಾ?"

"ಇಲ್ಲಪ್ಪ, ದೇವ್ರಾಣೆ!"

"ಸುಳ್ಳು ಬೇರೆ ಹೇಳ್ತೀಯಾ? ಗಂಟೇ ಹೇಳ್ತಾ ಐತಲ್ಲ!"

ಅವತ್ತೇ ಏಣಿ ಅಟ್ಟ ಸೇರಿತು. ಕೊಯ್ಲಿಗೆ ಬೇಕಾದಾಗಷ್ಟೇ ಇಳಿಸುವುದು, ಮುಗಿದ ತಕ್ಷಣ ಮೇಲೆ. ಏಳನೇ ಕ್ಲಾಸಿಗೆ ಹತ್ತಿಸುವ ಮಾತೂ ಹೋಯಿತು. ಮಾಡದ ತಪ್ಪಿಗೆ ಬೈಸಿಕೊಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ದಿನ ಅಪ್ಪನ ಜೊತೆ ಮಾತೇ ಬಿಟ್ಟೆ.

ಏಣಿ ಅಟ್ಟ ಸೇರಿದರೂ ಗಂಟು ಮಾತ್ರ ಬೆಳೆಯುತ್ತಲೇ ಹೋಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಶಾಲೆಯಲ್ಲಿ ಖೋಖೋ ಆಡಲು ಕೂತೇಳುವಾಗ ಚುಳ್ಳೆನ್ನುತ್ತಿತ್ತು. ಎಸ್ಟೇಟಿನ ಕೂಲಿ ಲೈನಿನ ಪುಟ್ಟಮ್ಮ ನೋಡಿದವಳೇ, "ಅಯ್ಯೋ, ಮಗ್ಗೆ ಊರ್ ಕಡೆ ಒಬ್ಬಂಗೆ ಹಿಂಗೇ ಆಗಿ ಕಾಲೇ ಕುಯ್ದ್ಬುಟ್ರು ಕಣವ್ವ" ಎಂದಳು. ಅವ್ವ ಊಟ ಬಿಟ್ಟಳು. ನಾನು ಕಂಬಳಿಯೊಳಗೆ ಕಾಲನ್ನು ತಬ್ಬಿಕೊಂಡೇ ಮಲಗುತ್ತಿದ್ದೆ. ಏಣಿ ಹೋಗಲಿ, ಕಾಲು ಉಳಿದರೆ ಸಾಕಪ್ಪ ಶಿವನೇ ಎನ್ನುವಂತಾಯಿತು.

ಕೊನೆಗೆ ಅಪ್ಪ ನನ್ನನ್ನು ಜೀಪಿನಲ್ಲಿ ಪೇಟೆಯವರೆಗೆ ಕರೆತಂದು, ಅಲ್ಲಿಂದ ಬಸ್ಸು ಹತ್ತಿಸಿ ಹಾಸನದ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?" ಎಂದರು.

ಅಪ್ಪ ಪಂಚೆ ಎತ್ತಿ ಕಾಲು ಮುಂದಿಟ್ಟ. "ನಂದು ಏಣಿ ಹತ್ತಿ ಆಗಿದ್ದು ಸಾರ್."

ಡಾಕ್ಟರು ಅವನ ಗಂಟನ್ನೂ ಮುಟ್ಟಿ ನೋಡಿ ನಕ್ಕರು. "ಏಣಿ ಪಾಪ ಏನೂ ಮಾಡಿಲ್ಲ. ಇದು ವಂಶದಲ್ಲಿ ಬರೋದು. ಮೂಳೆ ಬೆಳೆಯೋವರೆಗೆ ಗಂಟೂ ಬೆಳೆಯುತ್ತೆ, ಆಮೇಲೆ ನಿಲ್ಲುತ್ತೆ. ವರ್ಷಕ್ಕೊಂದ್ಸಲ ತೋರಿಸಿ. ತುಂಬಾ ತೊಂದರೆ ಕೊಟ್ಟರೆ ಗಂಟು ಮಾತ್ರ ತೆಗೆಯಬಹುದು."

"ಕಾಲು ಕುಯ್ಯಲ್ವಾ?" ಎಂದೆ.

"ಯಾರಮ್ಮ ಹೇಳಿದ್ದು? ಓಡು, ಆಡು. ನೋವಾದಾಗ ಕೂತ್ಕೊ."

ವಾಪಸ್ಸು ಬರುವಾಗ ಬಾಳ್ಳುಪೇಟೆಯ ಹೋಟೆಲಿನಲ್ಲಿ ಅಪ್ಪ ನನಗೆ ಮಸಾಲೆ ದೋಸೆ ಕೊಡಿಸಿದ. ತಾನು ಕಾಫಿಯನ್ನೂ ಮುಟ್ಟಲಿಲ್ಲ. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು.

"ಸುಮ್‌ಸುಮ್ನೆ ಬೈದ್ಬುಟ್ಟೆ ಕಣವ್ವ. ನಂದೇ ನಿಂಗೆ ಬಂದ್ಬುಟ್ಟೈತೆ."

ಅಪ್ಪನ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು. ಬಾಯಲ್ಲಿ ದೋಸೆ ಇಟ್ಟುಕೊಂಡೇ ಹೇಳಿದೆ: "ಬಂದ್ರೆ ಬರ್ಲಿ ಬಿಡು. ನಿಂಗೇನಾಗೈತೆ? ಊರಲ್ಲಿರೋ ಮರನೆಲ್ಲ ಹತ್ತಲ್ವಾ?"

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕು, ತನಗೂ ಒಂದು ದೋಸೆ ಹೇಳಿದ.

ಮುಂದಿನ ಕೊಯ್ಲಿಗೆ ನಾನು ಏಳನೇ ಕ್ಲಾಸು. ಅಪ್ಪ ಏಣಿ ಕಟ್ಟಿ, ಕೆಳಗೆ ತಾನೇ ಹಿಡಿದು ನಿಂತ. ಮೂರು ಮೆಟ್ಟಿಲು ಹತ್ತಿ ಕಾಲು ಒತ್ತಿದೆನೋ ಇಲ್ಲವೋ, ಗಂಟು ಬಿದಿರಿಗೆ ತಾಗಿ ಜೀವ ಹೋದಂತಾಯಿತು.

"ಹಂಗಲ್ಲ ಕಣೇ! ಕಾಲು ಒಂಚೂರು ಹೊರಕ್ಕೆ ತಿರುಗ್ಸು. ಗಂಟು ಪಕ್ಕಕ್ಕೆ ಹೋಗ್ಲಿ. ಹಾಂ, ಈಗ ಒರಗು. ಕೈ ಬಿಡು."

ಬಿಟ್ಟೆ. ಬೀಳಲಿಲ್ಲ. ಗಂಟಿದ್ದ ಕಾಲಲ್ಲಿ ನಿಲ್ಲುವ ಆ ಬಗೆಯನ್ನು ಬೇರೆ ಯಾವ ಕೊಯ್ಲಿನವನೂ ನನಗೆ ಹೇಳಿಕೊಡಲು ಆಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಮೆಣಸು ಕಿತ್ತೆ. ಕೆಳಗೆ ಅಪ್ಪ "ಅವ್ವಾ ಗಿರಿಜವ್ವಾ!" ಎಂದು ಇಡೀ ತೋಟಕ್ಕೆ ಕೇಳುವಂತೆ ಕೂಗಿದ.

ಈಗ ಎಲ್ಲ ಕಡೆ ಅಲ್ಯೂಮಿನಿಯಂ ಏಣಿ. ಬಿದಿರಿನದನ್ನು ಸವರಿ ಮಾಡಬಲ್ಲವರೂ ನಮ್ಮೂರಲ್ಲಿ ಉಳಿದಿಲ್ಲ. ಅಪ್ಪನೂ ಇಲ್ಲ. ನನ್ನ ಗಂಟು ಡಾಕ್ಟರು ಹೇಳಿದಂತೆ ಬೆಳೆಯುವುದನ್ನು ನಿಲ್ಲಿಸಿ ತನ್ನ ಪಾಡಿಗೆ ತಾನಿದೆ. ಮಗಳಿಗೆ ಸ್ನಾನ ಮಾಡಿಸುವಾಗಲೆಲ್ಲ ಅವಳ ಮೊಣಕಾಲ ಕೆಳಗೆ ಕೈಯಾಡಿಸುತ್ತಿದ್ದೆ. ಮೊನ್ನೆ ಡಾಕ್ಟರಿಗೂ ತೋರಿಸಿದೆ. ಎಲ್ಲೂ ಏನೂ ಇಲ್ಲ, ನುಣ್ಣಗಿದೆ ಎಂದರು. ಖುಷಿಗೆ ಅವಳನ್ನು ಎತ್ತಿ ಮುದ್ದಾಡಿಬಿಟ್ಟೆ. ಆಮೇಲೆ ಒಬ್ಬಳೇ ಕೂತು ನನ್ನ ಗಂಟಿನ ಮೇಲೆ ಕೈಯಿಟ್ಟುಕೊಂಡೆ. ಗಂಟಿನ ಕಾಲಲ್ಲಿ ನಿಲ್ಲಲು ಅಪ್ಪ ಹೇಳಿಕೊಟ್ಟದ್ದನ್ನು ಇನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.