ಬಾವಿಯ ತಳಕ್ಕೆ ಎಂಥ ಲೈಟು

ಮಲ್ಲವ್ವನಂಥ ಹಟಮಾರಿ ಹೆಂಗಸನ್ನು ನಾನು ಈ ಮುಂಬೈಯಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ಧಾರವಾಡದ ಕಡೆಯವಳು, ನಾನು ಉಡುಪಿಯವಳು. ನನ್ನ ಮನೆಯ ಮೀನಿನ ವಾಸನೆ ಅವಳಿಗೆ ಆಗದು, ಅವಳು ರೊಟ್ಟಿ ಬಡಿಯುವ ಸದ್ದು ನನಗೆ ಆಗದು. ಹಾಗಂತ ಮಾತು ಬಿಟ್ಟವರಲ್ಲ. ಬೆಳಿಗ್ಗೆ ಜಗಳವಾಡಿದರೆ ಮಧ್ಯಾಹ್ನ ಅವಳ ಶೇಂಗಾ ಚಟ್ನಿ ನನ್ನ ತಟ್ಟೆಯಲ್ಲಿರುತ್ತಿತ್ತು.

ಅವಳ ಗಂಡ ನೀಲಕಂಠಪ್ಪ ಫೋರ್ಟಿನ ಬ್ಯಾಂಕೊಂದರಲ್ಲಿ ಪ್ಯೂನ್ ಆಗಿದ್ದವರು. ಮಗ ನವೀನ ಶಾಲೆಗೆ ಹೋಗುತ್ತಿರುವಾಗಲೇ ತೀರಿಕೊಂಡರು. ಮಲ್ಲವ್ವ ಯಾರ ಮುಂದೆಯೂ ಕೈ ಚಾಚಲಿಲ್ಲ. ಬೆಳಗಾವಿ, ವಿಜಯಪುರದ ಕಡೆಯಿಂದ ಕೆಲಸಕ್ಕೆ ಬಂದ ಒಂಟಿ ಹುಡುಗರಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಮಗನನ್ನು ದೊಡ್ಡವನನ್ನಾಗಿ ಮಾಡಿದಳು.

ಅವಳ ಕೊರಳಲ್ಲಿ ಒಂದು ದಾರ, ಅದಕ್ಕೊಂದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದಾಗಲೇ ಮಠದ ಅಯ್ಯನವರು ಕಟ್ಟಿದ್ದಂತೆ. ದಿನಾ ಸ್ನಾನ ಮಾಡಿ, ಆ ಪುಟ್ಟ ಕಪ್ಪು ಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುವವಳಲ್ಲ. ಮಳೆ ಬಂದು ಊರೆಲ್ಲ ಮುಳುಗಿದ ವರ್ಷ ಕುರ್ಲಾ ಸ್ಟೇಷನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಯಾರೋ ಪುಣ್ಯಾತ್ಮರು ಹಂಚಿದ ಬಿಸ್ಕಿಟನ್ನು ಪಕ್ಕದವರಿಗೆ ಕೊಟ್ಟು, ಮನೆಗೆ ಬಂದು ಪೂಜೆ ಮುಗಿಸಿದ ಮೇಲೆಯೇ ಚಹಾ ಕುಡಿದಳು. ಇಂಥವಳ ಹತ್ತಿರ ಯಾರು ವಾದ ಮಾಡುತ್ತಾರೆ?

ಪೂಜೆಯ ನೀರು ನಳದ್ದಾಗಬಾರದು, ಬಾವಿಯದೇ ಆಗಬೇಕು. ಬಿಲ್ಡಿಂಗಿನ ಹಿಂದೆ ಒಂದು ಹಳೇ ಬಾವಿಯಿದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ, ನೀರು ಸೇದಲು ಒಂದು ಕಿಂಡಿ ಬಿಟ್ಟಿದ್ದಾರೆ. ಕುಡಿಯಲು ಯೋಗ್ಯವಲ್ಲ ಅಂತ ಬೋರ್ಡು ಬೇರೆ. ಅದನ್ನು ತೋರಿಸಿದರೆ, "ಶಿವಗ ಮರಾಠಿ ಓದಾಕ ಬರಂಗಿಲ್ಲ ಬಿಡು" ಎನ್ನುತ್ತಿದ್ದಳು. ಕೊರಳಿನ ದಾರ ಸವೆದು ಹೋಗಿತ್ತು. ದಾದರಿನಿಂದ ಹೊಸದು ತರುತ್ತೇನೆಂದರೆ ಬೇಡ, ಅದು ಅವಳ ಊರಿನ ಮಠದಿಂದಲೇ ಬರಬೇಕು. ಊರಿಗೆ ಹೋಗುವುದು ಮುಂದಕ್ಕೆ ಹೋಗುತ್ತಲೇ ಇತ್ತು.

ಶ್ರಾವಣ ಸೋಮವಾರ ಬೆಳಿಗ್ಗೆ ಕಿಂಡಿಗೆ ಬಗ್ಗಿ ಕೊಡ ಎಳೆಯುವಾಗ ಆ ದಾರ ಹರಿಯಿತು. ಕರಡಿಗೆ ಸೀದಾ ಬಾವಿಗೆ ಬಿತ್ತು. ಅವಳು ಕೂಗಿದ ಕೂಗು ಕೇಳಿ ನಾನು ದೋಸೆ ಕಾವಲಿಯನ್ನು ಉರಿಯ ಮೇಲೆಯೇ ಬಿಟ್ಟು ಓಡಿದೆ.

"ಹೋತವಾ ಅಕ್ಕು, ನನ್ನ ಜೀವಾನ ಹೋತು. ಅದು ಸಿಗೂತನಕ ನನ್ನ ಬಾಯಾಗ ಹನಿ ನೀರು ಹೋಗಂಗಿಲ್ಲ."

ಅವಳು ಹೇಳಿದರೆ ಮುಗಿಯಿತು. ಸಕ್ಕರೆ ಕಾಯಿಲೆಯವಳು, ವಯಸ್ಸಾದ ಜೀವ. ನೀರು ಬಿಟ್ಟು ಎಷ್ಟು ಹೊತ್ತು ಉಳಿದಾಳು? ಕೆಳಗಿನ ಕ್ಲಿನಿಕ್ಕಿನ ಡಾಕ್ಟರು ಬಂದು ಬೈದರು. ನವೀನ ಮಠದ ಅಯ್ಯನವರಿಗೆ ಫೋನ್ ಹಚ್ಚಿ ಅವ್ವನ ಕಿವಿಗೆ ಹಿಡಿದ. ಹೊಸ ಲಿಂಗ ಕಟ್ಟುತ್ತೇವೆ, ಮೊದಲು ಊಟ ಮಾಡು ತಾಯಿ ಎಂದರು ಅವರು. "ಶರಣ್ರೀ ಅಯ್ಯಾರ" ಎಂದು ಭಕ್ತಿಯಿಂದ ಹೇಳಿ ಫೋನ್ ವಾಪಸು ಕೊಟ್ಟಳು. ಬಾವಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಮಳೆ ಬಂದರೆ ನಾನು ಕೊಡೆ ಹಿಡಿಯಬೇಕು.

ಬಾವಿ, ಟ್ಯಾಂಕು ಸ್ವಚ್ಛ ಮಾಡುವ ನಿಂಗಣ್ಣನನ್ನು ಕರೆಸಿದೆವು. ಅವನು ಹಗ್ಗಕ್ಕೆ ಉರಿಯುವ ದೀಪ ಕಟ್ಟಿ ಒಳಗೆ ಬಿಟ್ಟ. ನೀರು ಮುಟ್ಟುವ ಮೊದಲೇ ದೀಪ ಆರಿತು.

"ಒಳಗ ಗಾಳಿ ಇಲ್ಲ್ರೀ. ಇಳದವನ ಹೆಣಾನ ಮ್ಯಾಲ ಬರ್ತೈತಿ" ಎಂದ. "ಎಲ್ಲಿ ಬಿದ್ದೈತಿ ಅಂತ ತೋರಸ್ರಿ, ಉದ್ದ ಬಿದಿರಿಗೆ ಬಲಿ ಕಟ್ಟಿ ಎತ್ತತೀನಿ. ಕಾಣದ ಕೆದರಿದ್ರ ಕೆಸರಾಗ ಹುಗದು ಹೋಗ್ತೈತಿ."

ಪಂಪು ಹಚ್ಚಿ ನೀರು ತೆಗೆಸೋಣವೆಂದರೆ, ಮಳೆಗಾಲದ ಬಾವಿ, ತೆಗೆದಷ್ಟೂ ಊರುತ್ತಿತ್ತು. ಆಗ ನವೀನ ತನ್ನ ಕ್ಯಾಮೆರಾ ತಂದ. ಪವಾಯಿಯ ದೊಡ್ಡ ದೊಡ್ಡ ಸೊಸೈಟಿಗಳ ಈಜುಕೊಳದಲ್ಲಿ ಮಕ್ಕಳು ಈಜುವುದನ್ನು ನೀರೊಳಗಿನಿಂದ ವಿಡಿಯೋ ಮಾಡಿಕೊಡುವುದು ಅವನ ಕೆಲಸ. ಕ್ಯಾಮೆರಾ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೆತ್ತಿಯ ಮೇಲೆ ಅಷ್ಟೇ ಪುಟ್ಟ ಲೈಟು. ಅದನ್ನು ಬಿದಿರಿಗೆ ಕಟ್ಟಿ ತಳದವರೆಗೆ ಬಿಟ್ಟ. ನೀರೊಳಗೆ ಹೋದ ಕೂಡಲೇ ಸಿಗ್ನಲ್ ಸಾಯುತ್ತದಂತೆ, ಫೋನಿನಲ್ಲಿ ನೇರ ಕಾಣುವುದಿಲ್ಲ. ಬಿಡಬೇಕು, ಕಾಯಬೇಕು, ಎಳೆಯಬೇಕು, ಆಮೇಲೆ ನೋಡಬೇಕು. ನೋಡಿದರೆ ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಹಾರಿದ ಹಾಗೆ ಬರೀ ಬಿಳಿ ಚುಕ್ಕೆಗಳು.

"ಲೈಟು ಸಾಲಂಗಿಲ್ಲ ಆಂಟಿ. ಪಾವರ್‌ಫುಲ್ ಬೇಕು" ಎಂದವನೇ ಲೋಕಲ್ ಹಿಡಿದು ಫೋರ್ಟಿನ ಕ್ಯಾಮೆರಾ ಅಂಗಡಿಗೆ ಓಡಿದ. ಈಜುಕೊಳದ ತಿಳಿನೀರಲ್ಲಿ ಹೊಟ್ಟೆ ಹೊರೆದವನು. ಅಲ್ಲಿ ಕಾಣದಿದ್ದರೆ ಬೆಳಕು ಹೆಚ್ಚು ಮಾಡಿದರಾಯಿತು. ಅಂಗಡಿಯ ಹುಡುಗಿ ಶೀತಲ ಏನೋ ಹೇಳಲು ಬಂದಳಂತೆ, ಇವನಿಗೆ ಕೇಳುವ ತಾಳ್ಮೆ ಎಲ್ಲಿ? ಅಂಗಡಿಯಲ್ಲಿದ್ದ ಅತಿ ಜೋರಿನ ಲೈಟನ್ನು ಬಾಡಿಗೆಗೆ ಹೊತ್ತು ತಂದ. ಅದನ್ನೂ ಕ್ಯಾಮೆರಾದ ನೆತ್ತಿಗೇ ಕಟ್ಟಿದ. ಈ ಸಲ ಚುಕ್ಕೆಯೂ ಇಲ್ಲ, ಸುಣ್ಣ ಬಳಿದ ಗೋಡೆ.

ಅವನು ಮತ್ತೆ ಬಿಟ್ಟ. ಮತ್ತೆ ಎಳೆದ. ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿದ, ತೆಗೆದ. ಪ್ರತಿ ಸಲವೂ ಮಲ್ಲವ್ವ ಕುರ್ಚಿಯಿಂದಲೇ, "ಕಾಣತೈತೇನೋ?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಅವಳ ದನಿ ಇನ್ನಷ್ಟು ಸಣ್ಣಗಾಗುತ್ತಿತ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕೇಳುವುದನ್ನೂ ಬಿಟ್ಟಳು. ತುಟಿ ಒಡೆದಿತ್ತು. ನಾನು ಒದ್ದೆ ಬಟ್ಟೆ ತಂದು ಒರೆಸಹೋದರೆ ಮುಖ ತಿರುಗಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಎಂತ ಹುಚ್ಚು ಮಲ್ಲಕ್ಕ ಇದು! ನೀನು ಸತ್ತರೆ ಈ ಹುಡುಗನಿಗೆ ಯಾರುಂಟು?"

ನಾನು ನನ್ನ ಮನೆಗೆ ಹೋಗಿ ಅತ್ತೆ.

ಆ ಜೋರಿನ ಲೈಟನ್ನು ವಾಪಸು ಕೊಡಲು ಹೊರಟಾಗ ನವೀನನ ಕಾಲು ನೆಟ್ಟಗೆ ಬೀಳುತ್ತಿರಲಿಲ್ಲ. ಇವನು ಎಲ್ಲಿಯಾದರೂ ರೈಲಿನಿಂದ ಬಿದ್ದಾನೆಂದು ನಿಂಗಣ್ಣನನ್ನು ಅವಳ ಹತ್ತಿರ ಕೂರಿಸಿ ನಾನೂ ಜೊತೆಗೆ ಹೋದೆ. ಶೀತಲಳಿಗೆ ಎಲ್ಲ ಹೇಳಿದೆ, ನನಗೆ ಬರುವ ಹರುಕು ಹಿಂದಿಯಲ್ಲಿ. ಅವಳು ವಿಡಿಯೋ ನೋಡಿ, ನೀರಿನ ಕೊಳೆಯ ಕಣಗಳ ಮೇಲೆ ಬೆಳಕು ಬಿದ್ದು ಸೀದಾ ಕ್ಯಾಮೆರಾದ ಕಣ್ಣಿಗೇ ವಾಪಸು ಹೊಡೆಯುತ್ತಿದೆ ಎಂದಳು. ಮಳೆಗಾಲದಲ್ಲಿ ಖಂಡಾಲಾ ಘಾಟಿನ ಮಂಜಿನೊಳಗೆ ದೊಡ್ಡ ಹೆಡ್‌ಲೈಟು ಹಾಕಿದರೆ ರಸ್ತೆ ಕಾಣುತ್ತದೆಯೇ? ಜೋರು ಬೇಡ. ಅಗಲವಾಗಿ ಹರಡುವ ಎರಡು ಮಂದ ಲೈಟು ಸಾಕು. ಆದರೆ ಅವನ್ನು ಕ್ಯಾಮೆರಾದಿಂದ ದೂರ ಇಡಬೇಕು, ಎಡಕ್ಕೊಂದು ಬಲಕ್ಕೊಂದು, ಮುಖ ಸ್ವಲ್ಪ ಹೊರಗೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ವಸ್ತುವಿಗೆ ತಾಗಬೇಕು.

"ನಿನ್ನೆನೇ ಇದ ಹೇಳಿದ್ಲು ಆಂಟಿ" ಎಂದ ನವೀನ. ಅಂಗಡಿಯ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡ. "ಒಂದ್ ಪೂರಾ ದಿನ ನಾನ ತಿಂದು ಹಾಕಿದ್ನಿ."

ಶೀತಲಳಿಂದ ಅಂಥ ಎರಡು ಮಂದ ಲೈಟು ಬಾಡಿಗೆಗೆ ಪಡೆದೆ. ಅವನನ್ನು ಎಬ್ಬಿಸಿ ಕರೆತಂದೆ.

ಬಿದಿರಿಗೆ ಅಡ್ಡ ಕೋಲು ಕಟ್ಟಿ, ತುದಿಗೊಂದರಂತೆ ಎರಡು ಲೈಟು ಬಿಗಿದು, ನಡುವೆ ಕ್ಯಾಮೆರಾ ಇಟ್ಟ. ಕೋಲು ಕಿಂಡಿಯಲ್ಲಿ ಹಿಡಿಸಲಿಲ್ಲ, ನಿಂಗಣ್ಣ ಜಾಲರಿಯನ್ನೇ ಎತ್ತಿದ. ಬಿಟ್ಟರು. ಎಳೆದರು. ನಾವು ಮೂವರೂ ಫೋನಿನ ಮೇಲೆ ಬಗ್ಗಿದೆವು. ಸತ್ಯವಾಗಿಯೂ ಕಂಡಿತು! ಬಾವಿಯ ತಳ, ಒಡೆದ ಮಡಿಕೆ, ಬಾಟಲಿ, ಒಂದು ಚಪ್ಪಲಿ, ಅದರ ಪಕ್ಕದಲ್ಲೇ ಮಿಣುಕುವ ಕರಡಿಗೆ. ಆದರೆ ಕರಡಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

ಸುತ್ತ ಕೆಸರಿನಲ್ಲಿ ಗುಂಡು ಗುಂಡಾದ ಕಪ್ಪು ವಸ್ತುಗಳು. ಒಂದಲ್ಲ, ಎರಡಲ್ಲ, ತಳದ ತುಂಬ ಅವೇ. ನನಗೆ ಕೂಡಲೇ ತಿಳಿಯಿತು. ಬಿಲ್ಡಿಂಗಿನ ಪ್ರತಿ ಮನೆಯವರೂ ಪೂಜೆ ಮುಗಿದ ಮೇಲೆ ಕಲಶದ ಅಡಿಕೆ, ಹೂವು ಎಲ್ಲ ತಂದು ಸುರಿಯುವುದು ಈ ಬಾವಿಗೇ. ನೀರು ಕುಡಿದು ಕರ್ರಗಾದ ಅಡಿಕೆಗಳು. ಅವುಗಳ ನಡುವೆ ಅಷ್ಟೇ ಗಾತ್ರದ, ಅಷ್ಟೇ ಕಪ್ಪಿನ ಲಿಂಗ ಎಲ್ಲಿದೆ? ಕಾಣದೆ ಇದ್ದಾಗ ಇದ್ದ ಆಸೆಯೂ ಕಂಡ ಮೇಲೆ ಹೋಯಿತು.

ನಿಂಗಣ್ಣ ಕರಡಿಗೆಯಿದ್ದ ಕಡೆ ಬಲೆ ಹಾಕಿ ಬಾಚಿದ. ಕರಡಿಗೆ ಬಂತು. ಜೊತೆಗೆ ಬಂದ ಕೆಸರನ್ನು ಕಲ್ಲಿನ ಮೇಲೆ ಸುರಿದ. ನವೀನ ಎರಡೂ ಕೈ ಹಾಕಿ ಕೆದಕಿದ. "ಇದಲ್ಲ. ಇದೂ ಅಲ್ಲ." ಗಾಜು ತಾಗಿ ಬೆರಳೆಲ್ಲ ರಕ್ತ. ಮತ್ತೆ ಕ್ಯಾಮೆರಾ ಬಿಟ್ಟರೆ ಕೆಸರು ಎದ್ದು ನೀರೆಲ್ಲ ಕಪ್ಪು ಕಷಾಯ. ಎಂಥ ಲೈಟು ಹಾಕಿದರೂ ಇನ್ನು ಪ್ರಯೋಜನವಿಲ್ಲ. ತಳ ತಿಳಿಯಾಗಲು ನಾಳೆಯವರೆಗೆ ಕಾಯಬೇಕು ಎಂದ ನಿಂಗಣ್ಣ. ನಾಳೆಯವರೆಗೆ? ಡಾಕ್ಟರು ಬೆಳಿಗ್ಗೆಯೇ ಕೈಚೆಲ್ಲಿದ್ದರು. ಆಸ್ಪತ್ರೆಗೆ ಸಾಗಿಸಲು ನೋಡಿದರೆ ಮಲ್ಲವ್ವ ಬಾವಿಕಟ್ಟೆಯನ್ನು ತಬ್ಬಿ ಹಿಡಿದಿದ್ದಳು.

ನವೀನ ಎದ್ದು ನಿಂತ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ.

"ನಾ ಇಳಿತೀನಿ. ಉಸರ ಹಿಡಿಯೂದು ನನಗ ಬರ್ತೈತಿ."

"ಏ ಮಾರಾಯ, ದೀಪ ಆರಿದ್ದು ನೋಡಿದ್ದಿಯಲ್ಲ!" ಎಂದು ನಾನು ಅಂಗಿ ಹಿಡಿದೆ. ಕೊಸರಿಕೊಂಡ. ಅಡ್ಡ ಬಂದ ನಿಂಗಣ್ಣನನ್ನೂ ನೂಕಿದ. ಅವನ ಕಣ್ಣಲ್ಲಿ ಬುದ್ಧಿ ಇರಲಿಲ್ಲ. ಒಂದು ಕಾಲನ್ನು ಬಾವಿಯೊಳಗೆ ಇಳಿಬಿಟ್ಟೇಬಿಟ್ಟ. ನಾನು ಬಿಲ್ಡಿಂಗ್ ಎದ್ದು ಬರುವ ಹಾಗೆ ಕಿರುಚಿದೆ.

"ನವೀನಾ."

ಮಲ್ಲವ್ವ. ಕುರ್ಚಿಯಿಂದ ಜಾರಿ ನೆಲಕ್ಕೆ ಬಂದಿದ್ದಳು. ಕೆಸರಿನ ರಾಶಿಯ ಹತ್ತಿರ ತೆವಳಿ, ಕೈ ಹಾಕಿ, ಒಂದನ್ನು ಎತ್ತಿಕೊಂಡಳು. ಎಡ ಅಂಗೈ ಮೇಲಿಟ್ಟಳು. ಕಣ್ಣು ಮುಚ್ಚಿದಳು.

"ಸಿಕ್ತಪಾ," ಎಂದಳು. "ಇದ ನಂದು. ನೀ ಮ್ಯಾಲ ಬಾ."

"ಖರೇನ ಏನವ್ವಾ?"

"ನನ್ನ ಲಿಂಗ ನನಗ ಗೊತ್ತಾಗಂಗಿಲ್ಲೇನೋ? ಮದಲ ನೀ ಕಾಲು ತಗಿ. ಅಗ್ಘವಣಿ ತಾ."

ಪೂಜೆಯ ನೀರಿಗೆ ಅವಳು ಹೇಳುವ ಹೆಸರದು. ನವೀನ ಕೊಡ ತಂದ. ಅವಳು ಅಂಗೈ ಮೇಲಿದ್ದುದಕ್ಕೆ ನೀರು ಎರೆದಳು, ಹೆಬ್ಬೆರಳಿನಿಂದ ಒರೆಸಿದಳು. ಒರೆಸಿದ ಕಡೆ ಕಪ್ಪು ಹೋಗಿ ಕಂದು ಗೆರೆಗಳು ಎದ್ದವು. ನಾನು ಉಡುಪಿಯ ಕಡೆಯವಳು, ಅಡಿಕೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳೂ ಅದನ್ನು ನೋಡಿದಳು. ಥಟ್ಟನೆ ಮುಷ್ಟಿ ಮುಚ್ಚಿ ಹಣೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದಳು. ನವೀನ ಅವ್ವನ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತ, ನಕ್ಕ. ಆ ಎರಡು ಲೈಟುಗಳಿಗೂ ಕೈಮುಗಿದ.

ಅವನು ಲೈಟು ಹಿಂದಿರುಗಿಸಲು ಫೋರ್ಟಿಗೆ ಹೋದ ಮೇಲೆ ನಾನು ಗಂಜಿ ತೆಗೆದುಕೊಂಡು ಹೋದೆ. ಕರಡಿಗೆ ಅವಳ ಕೊರಳಿಗೆ ಮರಳಿತ್ತು. ನಾನು ಸೀರೆಗೆ ಫಾಲ್ ಹೊಲಿಯುವ ದಾರದಿಂದ ಕಟ್ಟಿಕೊಂಡಿದ್ದಳು. ಅವಳೇ ಹೇಳಿದಳು.

"ನಂದು ಅಲ್ಲೇ ಐತಿ, ಅಕ್ಕು. ಕೆಸರಾಗ ಬಿದ್ದೈತಿ."

"ಗೊತ್ತುಂಟು ಮಲ್ಲಕ್ಕ."

"ಇಳದ ಬಿಡತಿದ್ನವಾ ಆ ಹುಡುಗ. ಇಳದ ಬಿಡತಿದ್ದ."

ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ನಾನು ಅವಳ ಬೆನ್ನು ಸವರುತ್ತ ಕೂತೆ. ಕೆಳಗೆ ನಿಂಗಣ್ಣ ಜಾಲರಿಯನ್ನು ಎಳೆದು ಬಾವಿಯ ಬಾಯಿಗೆ ಮುಚ್ಚುವುದು ಕೇಳಿಸಿತು. ಅವಳು ಒಮ್ಮೆ ಎದ್ದು ಕಿಟಕಿಯ ಕಡೆ ಹೋಗಲು ನೋಡಿ, ಹೋಗದೆ, ಮತ್ತೆ ಕೂತು ಗಂಜಿ ತಿಂದಳು.